ಬೋರಲಗಿತ್ತಿ

ಮುದ್ದೇಬಿಹಾಳ
೧೪ ಜುಲೈ ೨೦೨೫

ಗುರುಗಳಾದ ನಬಿಲಾಲ ಸರ್ ಅವರಿಗೆ ಸಂಘಮಿತ್ರಾಳ ನಮಸ್ಕಾರಗಳು.

ನಿಮಗೆ ಬರೆದು ನಾಲ್ಕು ವರ್ಷವಾಯಿತು. ಫೋನ್ ಮಾಡಬಹುದಿತ್ತು. ಎರಡು ಸಲ ನಂಬರ್ ಒತ್ತಿ ಕಡಿದುಬಿಟ್ಟೆ. ಬಾಯಿಂದ ಹೇಳಹೋದರೆ ಅಳುತ್ತೇನೆ, ಇಲ್ಲವೇ ಯಾರಿಗಾದರೂ ಬೈಯುತ್ತೇನೆ. ಎರಡರಿಂದಲೂ ಈಗ ಉಪಯೋಗವಿಲ್ಲ. ನನಗೆ ಬೇಕಾದದ್ದು ಕಾಗದದ ಮೇಲಿನ ಉತ್ತರ.

ನಮ್ಮವ್ವ ಹನ್ನೊಂದು ವರ್ಷದಿಂದ ತೆಗ್ಗಿನಹಾಳದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿರುವುದು ನಿಮಗೆ ಗೊತ್ತು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುತ್ತಿದ್ದಳು. ಜುಲೈ ಮೂರು, ಗುರುವಾರ, ಒಯ್ಯುವುದು ಮರೆತಿತ್ತು. ನೂರಾ ನಲವತ್ತು ಮಕ್ಕಳಿಗೆ ಬಡಿಸಿ, ಒಲೆಯ ಮುಂದೆ ನಿಂತು ಬಾಯಿ ಒಣಗಿ, ಶಿಕ್ಷಕರ ಕೋಣೆಗೆ ಹೋಗಿ ಅಲ್ಲಿದ್ದ ಸ್ಟೀಲ್ ಗ್ಲಾಸಿನಲ್ಲಿ ನೀರು ಹಿಡಿದು ಕುಡಿದಳು. ಶಾಲಾ ಸಮಿತಿಯ ಅಧ್ಯಕ್ಷ ಗೊಲ್ಲಾಳಗೌಡ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದ.

"ಏ ಬೋರಲಗಿತ್ತಿ, ನಿನ್ನ ಜಾಗಾ ಮರತಿಯೇನ? ಗೊತ್ತಿಲ್ಲಂದ್ರ ನಿಮ್ಮವ್ವನ್ನ ಕೇಳ ಹೋಗು" ಎಂದ.

ಅವ್ವ ಗ್ಲಾಸು ತೊಳೆದಿಟ್ಟು ಹೊರಗೆ ಬಂದಳು. ಅವನೂ ಹಿಂದೆಯೇ ಬಂದು, ಕೈ ತೊಳೆಯುತ್ತಿದ್ದ ಮಕ್ಕಳ ಮುಂದೆ ಅದೇ ಮಾತನ್ನು ಮತ್ತೆರಡು ಸಲ ಅಂದ. ಶಾಲೆ ಬಿಡುವ ಹೊತ್ತಿಗೆ ಅರ್ಥವೂ ಗೊತ್ತಿಲ್ಲದ ಮಕ್ಕಳು ಅದನ್ನು ಹಾಡು ಮಾಡಿಕೊಂಡಿದ್ದರು. ಅವ್ವನನ್ನು ಮನೆಯವರೆಗೆ ಆ ಹಾಡಿನಲ್ಲೇ ಕಳಿಸಿಕೊಟ್ಟರು. ಅಂದಿನಿಂದ ಅವಳು ಶಾಲೆಗೆ ಹೋಗಿಲ್ಲ. ಮುಖ್ಯಶಿಕ್ಷಕಿ ಶಬಾನಾ ಮೇಡಂ ಧೈರ್ಯದವರು, ಕೇಳಿದ ಮಾತನ್ನು ಕೇಳಿದ ಹಾಗೆಯೇ ಶಾಲೆಯ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ. ನಾನು ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ. ಬಸವನ ಬಾಗೇವಾಡಿಯಲ್ಲಿ ಇಲಾಖೆಯ ವಿಚಾರಣೆಯೂ ಶುರುವಾಗಿದೆ.

ಮೊದಲ ದಿನವೇ ಗೌಡನ ವಕೀಲ ಒಂದು ಜೆರಾಕ್ಸ್ ಪ್ರತಿ ಕೊಟ್ಟ. ನಿಮ್ಮ 'ಡೋಣಿ ಸೀಮೆಯ ಪದಕೋಶ', ಪುಟ ನೂರಾ ಹದಿನೆಂಟು. "ಬೋರಲಗಿತ್ತಿ: ಸದಾ ಬೋರಲು ಮಲಗಿರುವವಳು, ಸೋಮಾರಿ ಹೆಂಗಸು. ಹಳೆಯ ಬೈಗುಳ." ಕೆಲಸದವಳಿಗೆ ಸೋಮಾರಿ ಅಂದದ್ದು ಅಪರಾಧವೇ, ಇದರಲ್ಲಿ ಜಾತಿ ಎಲ್ಲಿಂದ ಬಂತು ಎಂದು ಅವನ ವಾದ. ವಿಚಾರಣೆಗೆ ಕೂತವರು ನನ್ನ ಮುಖ ನೋಡಿದರು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು, ನಿಮ್ಮ ಶಿಷ್ಯೆ. ಮುಂದಿನ ತಾರೀಖು ಕೇಳಿಕೊಂಡು ಎದ್ದು ಬಂದೆ.

ಈ ಅರ್ಥವನ್ನು ನಿಮಗೆ ಯಾರು ಹೇಳಿದರು, ಯಾವ ಊರಲ್ಲಿ, ಯಾವಾಗ? ದಯವಿಟ್ಟು ಬರೆದು ಕಳಿಸಿ.

ನಿಮ್ಮ ವಿದ್ಯಾರ್ಥಿನಿ
ಸಂಘಮಿತ್ರಾ


ಇಂಡಿ
೨೯ ಜುಲೈ ೨೦೨೫

ಚಿ. ಸಂಘಮಿತ್ರಾಳಿಗೆ ನಬಿಲಾಲನ ಆಶೀರ್ವಾದ.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ನಿಮ್ಮವ್ವ ಮರೆವ್ವಳಿಗೆ ಆದದ್ದು ಓದಿ ಮನಸ್ಸಿಗೆ ಕಷ್ಟವಾಯಿತು. ಆಕೆಯದು ದುಡಿಯುವ ಜೀವ, ಅಂಥವಳಿಗೆ ಯಾರೂ ಹಾಗೆ ಅನ್ನಬಾರದಿತ್ತು.

ಇನ್ನು ಪದದ ವಿಷಯ. 'ಬೋರಲು' ಎಂದರೆ ಮುಖ ಕೆಳಗಾದದ್ದು. 'ಗಿತ್ತಿ' ಹೆಣ್ಣನ್ನು ಸೂಚಿಸುವ ಪ್ರತ್ಯಯ, ಸೂಲಗಿತ್ತಿ ಎನ್ನುವಲ್ಲಿ ಇರುವಂಥದ್ದು. ಎರಡೂ ಕೂಡಿದರೆ ಬೋರಲು ಬಿದ್ದುಕೊಂಡವಳು, ಅಲ್ಲಿಂದ ಮೈಗಳ್ಳಿ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ನಾಲತವಾಡದ ಸಂತೆಯಲ್ಲಿ ಒಬ್ಬ ಮುದುಕ ಎದ್ದೇಳದ ಎಮ್ಮೆಗೆ ಇದೇ ಮಾತಿನಿಂದ ಬೈದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಬೇರೆ ಊರುಗಳಲ್ಲಿ ಬೇರೆ ಅರ್ಥ ಇದ್ದೀತು. ಒಂದೊಂದು ಹಳ್ಳಿಗೆ ಒಂದೊಂದು ಮಾತು. ಪದಕೋಶ ಮಾಡುವವನು ಎಲ್ಲವನ್ನೂ ಹಿಡಿಯಲಾರ. ಹದಿನಾರು ವರ್ಷದ ಹಿಂದಿನ ಪುಸ್ತಕ ಇಂದು ಕಟಕಟೆಗೆ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಗೊಲ್ಲಾಳಗೌಡ ಸಿಟ್ಟಿನ ಮನುಷ್ಯ. ಅವರಪ್ಪ ಹಾಗಿರಲಿಲ್ಲ. ನೀನು ಒಪ್ಪಿದರೆ ನಾನು ಅವನ ಜೊತೆ ಮಾತಾಡುತ್ತೇನೆ. ಇಬ್ಬರನ್ನೂ ಕೂಡಿಸಿ, ಅವನ ಬಾಯಿಂದ ತಪ್ಪಾಯಿತು ಅನ್ನಿಸಿದರೆ ಮುಗಿಯಲಿಲ್ಲವೇ? ವಿಚಾರಣೆ ಎಂದು ಅಲೆಯುವುದರಲ್ಲಿ ಸೋಲುವವರು ಯಾವಾಗಲೂ ನಮ್ಮಂಥವರೇ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ನಿಮ್ಮ ಜೋಹರಾಬಿ ಅಮ್ಮ ನಿನ್ನ ಸುದ್ದಿ ಕೇಳುತ್ತಿರುತ್ತಾಳೆ. ಹಿತ್ತಲ ನಿಂಬೆ ಗಿಡ ಈ ಸಲ ಚೆನ್ನಾಗಿ ಹಿಡಿದಿದೆ. ಮುದ್ದೇಬಿಹಾಳದ ಬಸ್ಸಿಗೆ ಒಂದು ಚೀಲ ಇಡಿಸಲೇನು?

ಹಿತ ಬಯಸುವ
ನಬಿಲಾಲ


ತೆಗ್ಗಿನಹಾಳ
೧೦ ಆಗಸ್ಟ್ ೨೦೨೫

ಸರ್,

ನಿಂಬೆಹಣ್ಣು ಬೇಡ.

ಈ ಪತ್ರವನ್ನು ಅವ್ವನ ಪಕ್ಕ ಕೂತು ಬರೆಯುತ್ತಿದ್ದೇನೆ. ಇಷ್ಟು ದಿನ ಅವಳು ಆ ಮಾತಿನ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ನೀವು ಬರೆದದ್ದನ್ನು ಓದಿ ಹೇಳಿದೆ. ಎಮ್ಮೆಯ ಸುದ್ದಿ ಬಂದಾಗ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು.

"ಮಾಸ್ತರ ಹಂಗ ಬರದಾರ?" ಎಂದಳು. "ಗೌಡರ ಹಿತ್ತಲ ಗ್ವಾಡಿ ಮ್ಯಾಲ ನೀರ ಕುಡ್ಯಾಕ ನಮ್ಮ ವಾಟಗಾ ಬ್ಯಾರೆ ಇರತಿತ್ತು. ಜರ್ಮನ್ ಬಟ್ಟಲ, ಒಂದ ಮಗ್ಗಲ ನೆಗ್ಗಿತ್ತು. ನಾಯಿ ಮೂತಿ ಇಡಬಾರದಂತ ಅದನ್ನ ಬೋರಲ ಹಾಕಿಡೂದು. ನೀರಡಿಸಿದ್ರ ನಾವು ಅದನ್ನ ಎತ್ತಿ ಹಿಡಕೊಂಡು ನಿಲ್ಲಬೇಕು. ಒಳಗಿಂದ ಯಾರರೆ ಬಂದು ಮ್ಯಾಲಿಂದ ಸುರುವಬೇಕು. ಕುಡದ ತೊಳದು ಮತ್ತ ಬೋರಲ ಹಾಕಿ ಬರೂದು. ನಿಮ್ಮ ಆಯಿ ದ್ಯಾಮವ್ವ ಹೋದ್ಲಂದ್ರ ಒಳಗ ಕೂಗತಿದ್ರು, ಬೋರಲಗಿತ್ತಿ ಬಂದಾಳ, ನೀರ ತರ್ರಿ ಅಂತ. ನನಗೂ ಹಂಗ ಅಂತಿದ್ರು. ಹತ್ತ ಹನ್ನೊಂದ ವರ್ಷದ ಹುಡುಗಿ ಇದ್ದೆ. ಅದು ನನ್ನ ಹೆಸರ ಅಂತ ತಿಳಕೊಂಡಿದ್ದೆ."

ಇದು ಅರ್ಥ, ಸರ್. ನಿಮ್ಮ ಪ್ರತ್ಯಯ ಸರಿಯಾಗಿಯೇ ಇದೆ. ಬೋರಲು ಬಿದ್ದದ್ದು ಹೆಂಗಸಲ್ಲ, ವಾಟಗ.

ನನ್ನ ಸಿಟ್ಟು ಇಷ್ಟಕ್ಕೇ ಅಲ್ಲ. ತಿಳಿಯದೆ ತಪ್ಪು ಬರೆದವರ ಮೇಲೆ ನಾನು ಸಿಟ್ಟಾಗುವುದಿಲ್ಲ. ಆದರೆ ನೀವು ಆ ಊರಲ್ಲಿ ಆರು ವರ್ಷ ಮಾಸ್ತರಾಗಿದ್ದಿರಿ, ಅದೇ ಗೌಡರ ವಾಡೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದಿರಿ. ಕಿಟಕಿ ತೆಗೆದರೆ ಅದೇ ಹಿತ್ತಲು. ನಿಮಗೆ ಕಾಣಲಿಲ್ಲವೇ?

ಇನ್ನೊಂದು ನೆನಪಾಯಿತು. ೨೦೦೮ರಲ್ಲಿ ನಾನು ಡಿಗ್ರಿ ಓದುವಾಗ ನಿಮ್ಮ ಪದಕೋಶದ ಚೀಟಿಗಳನ್ನೆಲ್ಲ ಚೊಕ್ಕ ಮಾಡಿ ಬರೆದುಕೊಟ್ಟವಳು ನಾನು. ಬೇಸಿಗೆ ರಜೆಯ ಎರಡು ತಿಂಗಳು ಇಂಡಿಯ ನಿಮ್ಮ ಪಡಸಾಲೆಯಲ್ಲಿ ಕೂತು ಬರೆದೆ. ಅ ದಿಂದ ಳ ವರೆಗೆ ಎಲ್ಲ ಅಕ್ಷರ ಕೊಟ್ಟಿರಿ. 'ಬ' ಮಾತ್ರ ಕೊಡಲಿಲ್ಲ. "ಅದನ್ನ ನಾ ಬರೀತೇನಿ, ನೀ ದಣದೀ" ಎಂದಿರಿ. ನನ್ನ ಮೇಲಿನ ಮಮತೆ ಅಂದುಕೊಂಡಿದ್ದೆ.

ಹದಿನೇಳು ವರ್ಷ ಅದನ್ನು ಮಮತೆ ಅಂದುಕೊಂಡವಳು ನಾನು. ಎಂಥ ಪೆದ್ದಿ ನೋಡಿ.

ಚೀಟಿಯಲ್ಲಿ ಏನಿತ್ತು? ಗೌಡನನ್ನು ಕೂಡಿಸಿ ಮಾತಾಡುವುದು ಆಮೇಲೆ. ಮೊದಲು ನನ್ನ ಜೊತೆ ನಿಜ ಮಾತಾಡಿ. ನಿಮ್ಮ ಎಮ್ಮೆ ಅರ್ಥ ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ.

ಸಂಘಮಿತ್ರಾ


ಇಂಡಿ
೧ ಸೆಪ್ಟೆಂಬರ್ ೨೦೨೫

ಸಂಘಮಿತ್ರಾ,

ಮೂವತ್ತೆರಡು ವರ್ಷ ಪಾಠ ಹೇಳಿದ್ದೇನೆ. ಇಂಥ ಪತ್ರ ನನಗೆ ಯಾವ ವಿದ್ಯಾರ್ಥಿಯೂ ಬರೆದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರನ್ನು ತಪ್ಪು ಬರೆದ ಗುಮಾಸ್ತನ ಜೊತೆ ಜಗಳವಾಡಿ ತಿದ್ದಿಸಿದವನು ನಾನು. ಗೊಳಸಂಗಿಯ ಹೈಸ್ಕೂಲಿನಲ್ಲಿ ನಿನ್ನನ್ನು ಮುಂದಿನ ಬೆಂಚಿಗೆ ಕೂಡಿಸಿದವನು ನಾನು. ಇವತ್ತು ನೀನು ನನ್ನನ್ನು ಕಳ್ಳನನ್ನು ಕೇಳುವ ಹಾಗೆ ಕೇಳುತ್ತೀಯ.

ಕೇಳಿದ್ದೀ, ಹೇಳುತ್ತೇನೆ. ೧೯೭೮ರಲ್ಲಿ ತೆಗ್ಗಿನಹಾಳಕ್ಕೆ ಬಂದಾಗ ಮುಸಲ್ಮಾನ ಮಾಸ್ತರನಿಗೆ ಆ ಊರಲ್ಲಿ ಯಾರೂ ಖೋಲಿ ಕೊಡಲಿಲ್ಲ. ಗೊಲ್ಲಾಳಗೌಡನ ಅಪ್ಪ ಹಿರೇಗೌಡರು ಕೊಟ್ಟರು. ಬಾಡಿಗೆ ಅಂತ ತೆಗೆದುಕೊಂಡದ್ದು ಹೆಸರಿಗೆ ಮಾತ್ರ. ನಮ್ಮ ಮೊದಲ ಕೂಸು ಹುಟ್ಟಿದ್ದು ಅದೇ ಖೋಲಿಯಲ್ಲಿ. ಪದಕೋಶ ಹೊರಬರುವಾಗಲೂ ಮುನ್ನುಡಿ ಬರೆಸಿ, ತಮ್ಮ ವಾಡೆಯ ಅಂಗಳದಲ್ಲೇ ಬಿಡುಗಡೆ ಮಾಡಿಸಿದವರು ಅವರು. ಕರಡು ಓದಿ ಒಂದೇ ಮಾತು ಹೇಳಿದರು: "ಮಾಸ್ತರ, ನಮ್ಮ ಮನಿ ಹಿತ್ತಲದ ಮಾತ ಪುಸ್ತಕದಾಗ ಬ್ಯಾಡ."

ಪದವನ್ನೇ ತೆಗೆದುಹಾಕಬಹುದಿತ್ತು. ನನಗೆ ತೆಗೆಯಲಾಗಲಿಲ್ಲ. ಅದಕ್ಕೇ ಅರ್ಥ ಮೆತ್ತಗೆ ಮಾಡಿದೆ. ಯಾರಿಗೂ ಕೆಡುಕಾಗಲೆಂದು ಮಾಡಿದ್ದಲ್ಲ. ಆ ವಾಟಗಗಳೆಲ್ಲ ಯಾವಾಗಲೋ ಹೋದವು, ಮಾತೂ ಹೋಗಲಿ ಅಂದುಕೊಂಡೆ.

ಈಗ ಎಪ್ಪತ್ತಮೂರನೆಯ ವಯಸ್ಸಿಗೆ, ನಾನೇ ಬರೆದದ್ದು ಸುಳ್ಳು ಎಂದು ನಾಲ್ಕು ಮಂದಿಯ ಮುಂದೆ ಹೇಳಲೇ? ಉಪ್ಪು ತಿಂದ ಮನೆಯ ಮಗನ ವಿರುದ್ಧ ನಿಲ್ಲಲೇ? ನನ್ನಿಂದ ಆಗುವುದಿಲ್ಲ.

ನಬಿಲಾಲ


ಮುದ್ದೇಬಿಹಾಳ
೬ ಸೆಪ್ಟೆಂಬರ್ ೨೦೨೫

ಸರ್,

ಪತ್ರ ಬಂತು. ನೀವು ತಿಂದ ಉಪ್ಪು ಯಾರ ಮನೆಯದೆಂದು ತಿಳಿಯಿತು. ಆ ಮನೆಯ ಹೊಲದಲ್ಲಿ ದ್ಯಾಮವ್ವ ನಲವತ್ತು ವರ್ಷ ಕಳೆ ತೆಗೆದಳು ಎಂಬುದನ್ನಷ್ಟೇ ನೆನಪಿಸುತ್ತೇನೆ.

ನನ್ನ ಹೆಸರು ತಿದ್ದಿಸಿದ್ದಕ್ಕೆ ನಾನು ಇವತ್ತಿಗೂ ಋಣಿ. ಅವ್ವನ ಹೆಸರು ಕೆಡಿಸಿದ್ದಕ್ಕೆ ಏನು ಮಾಡಲಿ?

ಇನ್ನು ಬರೆಯುವುದಿಲ್ಲ.

ಸಂಘಮಿತ್ರಾ


ಇಂಡಿ
೫ ಅಕ್ಟೋಬರ್ ೨೦೨೫

ಮಗಳ ಸಂಘಮಿತ್ರಾಗ ಜೋಹರಾಬಿ ಮಾಡುವ ದುವಾ.

ನಾ ನಾಕನೇತ್ತಾ ಕಲತಾಕಿ. ಮಾತಾಡಿದಂಗ ಬರದೇನಿ, ತಪ್ಪಿದ್ರ ತಿದ್ದಿ ಓದಕೋ. ಮಾಸ್ತರಿಗೆ ಹೇಳದ ಬರ್ಯಾಕತ್ತೇನಿ. ಸೊಸಿ ಯಾಸ್ಮಿನ ಪೋಸ್ಟ್ ಮಾಡ್ತಾಳ.

ನಿನ್ನ ಪತ್ರ ಎಲ್ಲಾ ಓದೇನಿ. ಅವರು ಕಪಾಟದಾಗ ಇಟ್ಟಿದ್ರು, ನಾ ತಗದು ಓದಿದೆ. ಒಂದ ತಿಂಗಳಾತು, ಅವರು ಮನ್ಯಾಗ ಯಾರ ಜೋಡಿನೂ ಸರಿ ಮಾತಾಡವಲ್ರು. ಸುಮ್ಮ ಇರ್ರಿ ಅಂದ್ರ ನನಗ ಬೈತಾರ. ನಾನೂ ಬೈದೇನಿ. ಬೈಯೂದ ನನಗೂ ಬರತೈತಿ.

ಆ ಮಾತಿನ ಅರ್ಥ ಅವರಿಗೆ ಯಾರ ಹೇಳಿದ್ರಂತ ಕೇಳಿದ್ದಿ. ನಾ ಹೇಳಿದ್ದೆ.

ನಾ ಸಿಂದಗ್ಯಾಕಿ. ಲಗ್ನಾಗಿ ತೆಗ್ಗಿನಹಾಳಕ್ಕ ಬಂದಾಗ ನನಗ ಇಪ್ಪತ್ತ. ಒಳಗಿನ ಗೌಡತಿ ಕೂಗೂದು ದಿನಾ ಕೇಳತಿದ್ದೆ, ಬೋರಲಗಿತ್ತಿ ಬಂದಾಳ ಅಂತ. ನಾ ಆ ಹೆಣಮಗಳ ಹೆಸರ ಅದು ಅಂತ ತಿಳದು, ಒಂದಿನ ಹಿತ್ತಲದಾಗ ನಿಂತಿದ್ದ ದ್ಯಾಮವ್ವಗ "ಬೋರಲಗಿತ್ತೆವ್ವಾ, ಊಟಾತೇನ?" ಅಂದೆ. ಆಕಿ ನನ್ನ ಮಾರಿ ನೋಡಿದ್ಲು. ಸಿಟ್ಟಿಲೆ ಅಲ್ಲ. "ನೀನೂ ಕಲತೇನ ತಾಯಿ" ಅಂದ್ಲು. ಮಗ್ಗಲಕ ನಿಮ್ಮವ್ವ ಇದ್ಲು, ಸಣ್ಣ ಹುಡುಗಿ. ನಾ ಒಳಗ ಹೋಗಿ ಗೌಡತೀನ ಕೇಳಿದೆ, ಹಂಗಂದ್ರ ಏನ್ರಿ ಅಂತ. ಆಕಿ ನಕ್ಕೋತ ವಾಟಗಾ ತೋರಿಸಿದ್ಲು. ಮಾಸ್ತರಿಗೆ ನಾ ಎಲ್ಲಾ ಹೇಳಿದೆ. ಅವರು ಚೀಟಿ ಮ್ಯಾಲ ಬರಕೊಂಡ್ರು. ನನ್ನ ಕಣ್ಣ ಮುಂದ ಬರಕೊಂಡ್ರು.

ಪುಸ್ತಕ ಬಂದ ದಿನ ನಾ ಮದಲ ಆ ಪುಟಾ ತಗದೆ. ಸೋಮಾರಿ ಹೆಂಗಸ ಅಂತಿತ್ತು. ಒಂಬತ್ತ ದಿನ ಅವರ ಜೋಡಿ ಮಾತ ಬಿಟ್ಟೆ. ಹತ್ತನೇ ದಿನ ಮೊಮ್ಮಗಗ ಜ್ವರ ಬಂತು, ಮಾತಾಡಬೇಕಾತು. ಆಮ್ಯಾಲ ನಾನೂ ಮರತೆ. ಸುಳ್ಳ ಹೇಳಬಾರದು, ಮರತಿರಲಿಲ್ಲ. ಬಿಟ್ಟಬಿಟ್ಟೆ.

ಇನ್ನೊಂದ ಹೇಳತೇನಿ, ಇದನ್ನ ಮಾಸ್ತರಿಗೂ ಹೇಳಿಲ್ಲ. ಗೌಡತಿ ಕೈ ಬಿಡುವಿಲ್ಲದಾಗ ನನಗ ಅಂತಿದ್ಲು, ಒಂದೀಟ ನೀರ ಸುರುವು ಹೋಗವಾ ಅಂತ. ನಾ ಹೋಗತಿದ್ದೆ. ಚರಿಗಿ ತಗೊಂಡ ಮ್ಯಾಲಿಂದ ಸುರುವತಿದ್ದೆ. ನಿಮ್ಮಾಯಿ ವಾಟಗಕ್ಕೂ ಸುರುವೇನಿ, ನಿಮ್ಮವ್ವನ ವಾಟಗಕ್ಕೂ ಸುರುವೇನಿ. ನನ್ನ ಖೋಲ್ಯಾಗ ಗಿಲಾಸ ಇದ್ದುವು. ಒಂದಿನಾನೂ ತಂದ ಕೊಡಲಿಲ್ಲ. ಖೋಲಿ ಬಿಡಸ್ತಾರಂತ ಅಂಜಿಕಿ. ನಮಗೂ ಆ ಮನಿ ಅಡಗಿ ಖೋಲಿಗೆ ಬಿಡತಿದ್ದಿಲ್ಲ, ಆದ್ರ ನಮಗ ಹೆಸರ ಇಟ್ಟಿರಲಿಲ್ಲ. ಅಷ್ಟಕ್ಕ ನಾ ಸುಮ್ಮ ಇದ್ದೆ.

ವಿಚಾರಣಿಗೆ ಮಾಸ್ತರ ಬರಲಿ ಬಿಡಲಿ, ನಾ ಬರತೇನಿ. ಏನ ಕೇಳತಾರ ಹೇಳತೇನಿ. ತಾರೀಖ ತಿಳಸು. ನಿಮ್ಮವ್ವಗ ಈ ಪತ್ರ ಓದಿ ಹೇಳಬೇಕು ಅನಸಿದ್ರ ಹೇಳು, ಬ್ಯಾಡ ಅನಸಿದ್ರ ಬಿಡು.

ಜೋಹರಾಬಿ


ಮುದ್ದೇಬಿಹಾಳ
೧೬ ಅಕ್ಟೋಬರ್ ೨೦೨೫

ಜೋಹರಾಬಿ ಅಮ್ಮನವರಿಗೆ,

ಪತ್ರ ಬಂದ ದಿನವೇ ಊರಿಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. ಬಿಟ್ಟು ಓದಬಹುದಿತ್ತು. ಬಿಡಲಿಲ್ಲ. ಬಿಟ್ಟು ಬರೆದವರ ಮೇಲೆ ಸಿಟ್ಟಾಗಿ, ನಾನೇ ಬಿಟ್ಟು ಓದಿದರೆ ಹೇಗೆ?

ನೀವು ನೀರು ಸುರುವಿದ ಮಾತು ಬಂದಾಗ ಅವ್ವ ಕೈಯೆತ್ತಿ ನನ್ನನ್ನು ನಿಲ್ಲಿಸಿದಳು. ಅಳುತ್ತಾಳೆ ಅಂದುಕೊಂಡೆ. ಅವಳು ನೆನಪು ಮಾಡಿಕೊಳ್ಳುತ್ತಿದ್ದಳು.

"ಹೌದು, ಮಾಸ್ತರ ಹೆಂಡತಿ. ಕೈತುಂಬ ಹಸರ ಬಳಿ ಇದ್ದುವು. ಸುರುವೂ ಮುಂದ ನಮ್ಮ ಮಾರಿ ನೋಡತಿರಲಿಲ್ಲ, ಬ್ಯಾರೆ ಕಡೆ ನೋಡತಿದ್ಲು. ಅದಕ್ಕ ನೀರ ಕೈಮ್ಯಾಲ ಚೆಲ್ಲತಿತ್ತು" ಎಂದಳು.

ಅಷ್ಟೇ. ಒಳ್ಳೆಯದು ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. ನಿಮ್ಮ ಕೈಯ ಊಟ ಎರಡು ತಿಂಗಳು ಉಂಡವಳು ನಾನು. ನಿಮ್ಮ ತಟ್ಟೆಯಲ್ಲೇ ಉಂಡೆ, ನಿಮ್ಮ ಗ್ಲಾಸಿನಲ್ಲೇ ಕುಡಿದೆ. ಆಗ ನೀವು ನನ್ನನ್ನು ನೋಡಿ ಯಾರನ್ನು ನೆನೆಸಿಕೊಳ್ಳುತ್ತಿದ್ದಿರಿ ಎಂದು ಈಗ ಯೋಚನೆ ಬರುತ್ತದೆ. ಸಿಟ್ಟು ಬರುತ್ತದೆ, ಮತ್ತೆ ನಿಮ್ಮ ಪತ್ರ ಓದುತ್ತೇನೆ, ಮತ್ತೆ ಬರುತ್ತದೆ. ಸುಳ್ಳು ಬರೆಯಬಾರದೆಂದು ಇದನ್ನು ಬರೆದಿದ್ದೇನೆ.

ವಿಚಾರಣೆ ನವೆಂಬರ್ ಹದಿನೇಳು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ಬಸವನ ಬಾಗೇವಾಡಿಯಲ್ಲಿ. ಬಸ್ ನಿಲ್ದಾಣದಲ್ಲಿ ನಾನು ಕಾಯುತ್ತಿರುತ್ತೇನೆ. ಬನ್ನಿ.

ಸಂಘಮಿತ್ರಾ


ಇಂಡಿ
೨ ನವೆಂಬರ್ ೨೦೨೫

ಸಂಘಮಿತ್ರಾ,

ನಿಮ್ಮ ಜೋಹರಾಬಿ ಅಮ್ಮ ನಿನಗೆ ಬರೆದದ್ದನ್ನು ನನಗೆ ಹೇಳಿದಳು. ನೀನು ಬರೆದದ್ದನ್ನೂ ಕೈಗೆ ಕೊಟ್ಟಳು. ಕೊಟ್ಟು, "ಸೀರಿ ಮಡಚಿ ಇಟ್ಟೇನಿ. ಹದಿನೇಳಕ್ಕ ನಾ ಹೊಂಟೇನಿ. ನೀವು ಮನ್ಯಾಗ ಇರ್ರಿ, ಯಾಸ್ಮಿನ ಊಟಕ್ಕ ಹಾಕ್ತಾಳ" ಅಂದಳು. ನಲವತ್ತೇಳು ವರ್ಷದಲ್ಲಿ ಅವಳು ಒಬ್ಬಳೇ ಊರು ಬಿಟ್ಟು ಹೋದವಳಲ್ಲ.

ಮೂರು ದಿನ ನಾನು ಅವಳ ಮೇಲೆ ಹಾರಾಡಿದೆ. ನಿನ್ನ ಮೇಲೆ, ಸತ್ತುಹೋದ ಹಿರೇಗೌಡರ ಮೇಲೆ ಹಾರಾಡಿದೆ. ನಾಲ್ಕನೆಯ ದಿನ ಹಾರಾಡಲು ಯಾರೂ ಉಳಿಯಲಿಲ್ಲ.

ಕೆಳಗಿನದನ್ನು ವಿಚಾರಣಾಧಿಕಾರಿಗಳಿಗೆ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ನಿನಗೊಂದು ಪ್ರತಿ.

"ಬೋರಲಗಿತ್ತಿ. ನಾಮಪದ, ಸ್ತ್ರೀಲಿಂಗ. ಮೇಲುಜಾತಿಯವರ ಮನೆಯ ಹಿತ್ತಲಲ್ಲಿ ಬೋರಲು ಹಾಕಿಟ್ಟ ಬೇರೆ ವಾಟಗದಲ್ಲಿ ನೀರು ಕುಡಿಯಬೇಕಾಗಿದ್ದ ದಲಿತ ಹೆಂಗಸನ್ನು ಆ ಮನೆಯವರು ಕೂಗುತ್ತಿದ್ದ ಹೀನ ಮಾತು. ಕರೆಯುವಾಗ ಹೆಸರಿನ ಬದಲು ಬಳಸುತ್ತಿದ್ದರು. ಬೈಯುವಾಗ ಅವಳ ಜಾಗ ತೋರಿಸಲು ಬಳಸುತ್ತಿದ್ದರು. ಸೋಮಾರಿ ಎಂಬ ಅರ್ಥದಲ್ಲಿ ಈ ಮಾತನ್ನು ಈ ಸೀಮೆಯಲ್ಲಿ ನಾನು ಯಾರ ಬಾಯಲ್ಲೂ ಕೇಳಿಲ್ಲ. ಎಮ್ಮೆಗೆ ಬೈದ ಮುದುಕ ಇರಲಿಲ್ಲ. ಬಳಕೆ: ೧೯೭೮ರಿಂದ ೧೯೮೪ರವರೆಗೆ ತೆಗ್ಗಿನಹಾಳದ ಗೌಡರ ವಾಡೆಯಲ್ಲಿ ದ್ಯಾಮವ್ವ ಮತ್ತು ಅವಳ ಮಗಳು ಮರೆವ್ವಳಿಗೆ, ನಾನು ಕೇಳಿದಂತೆ. ೩ ಜುಲೈ ೨೦೨೫ರಂದು ಅದೇ ಊರಿನ ಶಾಲೆಯಲ್ಲಿ ಅದೇ ಮರೆವ್ವಳಿಗೆ, ಅದೇ ಮನೆಯ ಮಗನಿಂದ, ಶಾಲೆಯ ದಾಖಲೆಯಂತೆ. ನನ್ನ ಪದಕೋಶದ ೧೧೮ನೆಯ ಪುಟದಲ್ಲಿರುವ ಅರ್ಥ ಸುಳ್ಳು. ತಿಳಿದೂ ಬರೆದೆ. ನಬಿಲಾಲ, ನಿವೃತ್ತ ಶಿಕ್ಷಕ."

ಇಷ್ಟು ಬರೆಯಲು ನನಗೆ ಹದಿನಾರು ವರ್ಷ ಬೇಕಾಯಿತು. ಬರೆದ ಮೇಲೂ ಹಗುರೆನಿಸಿಲ್ಲ. ಹದಿನೇಳಕ್ಕೆ ನಾನೂ ಬರುತ್ತೇನೆ.

ನಬಿಲಾಲ


ತೆಗ್ಗಿನಹಾಳ
೭ ಡಿಸೆಂಬರ್ ೨೦೨೫

ಸರ್,

ವಿಚಾರಣೆಯಾದ ಮೇಲೆ ನೀವು ಬರೆದ ಎರಡು ಪತ್ರಗಳೂ ತಲುಪಿವೆ. ತಡವಾಗಿ ಉತ್ತರಿಸುತ್ತಿದ್ದೇನೆ. ಅವ್ವನನ್ನು ಕೇಳದೆ ಉತ್ತರಿಸುವಂತಿರಲಿಲ್ಲ, ಅವಳು ಕೂಡಲೇ ಹೇಳುವವಳಲ್ಲ.

ಅಂದು ನಿಮ್ಮ ಸಾಕ್ಷಿ ಮುಗಿದ ಕೂಡಲೇ ನಿಮ್ಮಿಬ್ಬರನ್ನೂ ಹೊರಗೆ ಕಳಿಸಿದರು, ನೀವು ಬಸ್ಸಿಗೆ ಹೋದಿರಿ. ಆಮೇಲೆ ಒಳಗೆ ಆದದ್ದು ನಿಮಗೆ ತಿಳಿಯಬೇಕು.

ಮೊದಲು ನಿಮ್ಮ ಸಾಕ್ಷಿಯ ಮಾತು. ವಕೀಲ ನಿಮ್ಮನ್ನು "ಪುಸ್ತಕದಾಗ ಒಂದ, ಬಾಯಾಗ ಒಂದ, ಯಾವುದು ಸುಳ್ಳು?" ಎಂದು ಕೇಳಿದಾಗ ಅವ್ವನ ಮುಂದೆ ಆ ಮಾತು ಆಡಲು ನಿಮಗೆ ಆಗಲಿಲ್ಲ. "ಹೇಳ್ರಿ ಮಾಸ್ತರ, ನನಗೇನ ಹೊಸಾ ಮಾತಲ್ಲ ಅದು" ಎಂದು ಅವಳೇ ನಿಮಗೆ ಧೈರ್ಯ ಹೇಳಬೇಕಾಯಿತು. ನಿಮ್ಮ ಧೈರ್ಯವನ್ನೂ ಅವಳೇ ಹೊರಬೇಕೇ ಎಂದು ನನಗೆ ಆಗ ರೋಷ ಉಕ್ಕಿತ್ತು. ಆದರೂ ನೀವು ಹೇಳಿದಿರಿ. ಹಿಂದೆಗೆಯಲಿಲ್ಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನೀವು ಹೋದ ಮೇಲೆ ಗೊಲ್ಲಾಳಗೌಡ ತಾಳ್ಮೆ ಕಳೆದುಕೊಂಡ. ವಕೀಲ ಅಂಗಿ ಹಿಡಿದು ಜಗ್ಗಿದರೂ ಎದ್ದು ನಿಂತ. "ನಮ್ಮವ್ವ ದಿನಾ ಅಂತಿದ್ಲು. ಯಾರೂ ಕೇಸ್ ಮಾಡಲಿಲ್ಲ. ನಾ ಒಂದ ಸಲ ಅಂದ್ರ ಇಷ್ಟ ಮಂದಿ ಕೂಡಿದ್ರಿ?" ಎಂದ. ಅಧಿಕಾರಿ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು.

ಅಲ್ಲಿಯವರೆಗೆ ಅವ್ವನನ್ನು ಯಾರೂ ಏನೂ ಕೇಳಿರಲಿಲ್ಲ. ಯಾರಾದರೂ ಕೇಳಲಿ ಎಂದು ಅವಳು ಕಾಯಲೂ ಇಲ್ಲ. ಕೂತಲ್ಲಿಂದಲೇ ಮಾತಾಡಿದಳು.

"ನಿಮ್ಮವ್ವ ತನ್ನ ಮನ್ಯಾಗ ನಿಂತು ಅಂತಿದ್ಲು, ಗೌಡ. ಆಗ ನಮಗ ಹೋಗಾಕ ಬ್ಯಾರೆ ಹಿತ್ತಲಿರಲಿಲ್ಲ. ನೀ ಸಾಲ್ಯಾಗ ನಿಂತು ಅಂದಿ. ಸಾಲಿ ನಿಮ್ಮ ಮನಿ ಅಲ್ಲ. ನಾ ಅಲ್ಲಿ ಅನ್ನ ಮಾಡಾಕಿ. ನಾ ಮಾಡಿದ್ದ ಉಂಡು ನಿನ್ನ ಮೊಮ್ಮಗಳು ಎರಡನೇತ್ತಾ ಓದಾಕತ್ತಾಳ. ಆಕಿಗೆ ಅಜ್ಜ ಏನ ಅಂದಾ ಅಂತ ಕೇಳಿದ್ರ ನಾ ಏನ ಹೇಳಲಿ? ಅದನ್ನ ನೀ ಹೇಳಿಕೊಡು, ನಾ ಕೇಸ್ ಬಿಡತೇನಿ."

ಗೌಡ ಕೂತ. ಮತ್ತೆ ಏಳಲಿಲ್ಲ.

ಅವನನ್ನು ಅಧ್ಯಕ್ಷಗಿರಿಯಿಂದ ತೆಗೆದಿದ್ದಾರೆ. ವರದಿಯಲ್ಲಿ ನೀವು ಬರೆದ ಅರ್ಥವನ್ನೇ ಒಪ್ಪಿದ್ದಾರೆ, ಅದರ ಮೇಲೆ ಠಾಣೆಯಲ್ಲಿ ಜಾತಿನಿಂದನೆಯ ಕಲಂ ಸೇರಿದೆ. ನ್ಯಾಯಾಲಯದಲ್ಲಿ ಎಷ್ಟು ವರ್ಷವೋ ಗೊತ್ತಿಲ್ಲ. ವಕೀಲ ನಿಮ್ಮನ್ನು ಮತ್ತೆ ಕರೆಸುತ್ತಾನೆ, ಸಿದ್ಧರಾಗಿರಿ. ಊರಲ್ಲಿ ಇಬ್ಬರು ಅಂಗಡಿಯವರು ಅವ್ವನ ಜೊತೆ ಮಾತು ಬಿಟ್ಟಿದ್ದಾರೆ. ಡಿಸೆಂಬರ್ ಒಂದರಿಂದ ಅವಳು ಕೆಲಸಕ್ಕೆ ಹೋಗುತ್ತಿದ್ದಾಳೆ. ಮೊದಲ ದಿನ ಒಬ್ಬ ಹುಡುಗಿ ಆ ಮಾತು ಅಂದಳಂತೆ. ಶಬಾನಾ ಮೇಡಂ ಎದ್ದು ಬರುವಷ್ಟರಲ್ಲಿ ಅವ್ವ ಅವಳ ಕಿವಿ ಹಿಂಡಿ, "ನನ್ನ ಹೆಸರ ಮರೆವ್ವ, ಹೇಳು" ಎಂದಳಂತೆ. ಹುಡುಗಿ ಹೇಳಿದಳಂತೆ, ಆಮೇಲೆ ಎರಡು ಸಲ ಸಾರು ಹಾಕಿಸಿಕೊಂಡು ಉಂಡಳಂತೆ.

ಇನ್ನು ನೀವು ಕೇಳಿದ್ದು. ಮನೆಗೆ ಬಂದು ಅವ್ವನ ಮುಂದೆ ತಪ್ಪಾಯಿತು ಅನ್ನಬೇಕೆಂದಿದ್ದೀರಿ. ಎರಡೂ ಪತ್ರದಲ್ಲಿ ಅದನ್ನೇ ಬರೆದಿದ್ದೀರಿ. ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

"ಜೋಹರಾಬಿ ಬಾಯಾರ ಬರಲಿ. ಆಕಿ ಜೋಡಿ ನನಗ ಮಾತಾಡೂದೈತಿ. ಮಾಸ್ತರ ಈಗ ಬ್ಯಾಡ" ಎಂದಳು.

"ಮತ್ತ ಯಾವಾಗ ಬರಬೇಕಂತ ಬರೀಲಿ?" ಎಂದು ಕೇಳಿದೆ.

"ನಾ ಕರ್ಯೂತನಕಾ ಕಾಯಲಿ" ಎಂದಳು.

ಸಂಘಮಿತ್ರಾ